ಬಣ್ಣ ತೆಗೆದ ಪ್ರತಿ

"ಆ ಹಳದಿ ಪರದೆ ಹಿಂದೆ ಕಿಟಕಿ ಇದೆಯೋ ಬರೀ ಗೋಡೆಯೋ, ಅದನ್ನ ಹೇಳೋದು ಕಷ್ಟ," ಎಂದರು ಪ್ರೊಫೆಸರ್.

ಇನ್ಸ್‌ಪೆಕ್ಟರ್ ಕಣ್ಣುಜ್ಜಿಕೊಳ್ಳುತ್ತಿದ್ದಳು. ಉಜ್ಜುತ್ತಿದ್ದ ಕೈ ಅಲ್ಲೇ ನಿಂತಿತು.

ಎದುರಿನ ತೆರೆಯ ಮೇಲೆ, ಚಿಕ್ಕಪ್ಪ ಎಂಬ ಹೆಸರಿನಲ್ಲಿ ವಿಡಿಯೋ ಹಾಕುತ್ತಿದ್ದವನು ಕೂತಿದ್ದ. ಎಂದಿನಂತೆ ಮುಖ ಕಾಣುತ್ತಿರಲಿಲ್ಲ. ದೊಗಳೆ ಕೋಟು ತೊಟ್ಟ ಮೈ, ಉಣ್ಣೆಯ ಗವಸು ಹಾಕಿದ ಎರಡು ಕೈ, ಮೇಜಿನ ಮೇಲೆ ಹಾಸಿದ ಬಟ್ಟೆ, ಬೆನ್ನ ಹಿಂದೊಂದು ಪರದೆ. ಗವಸು ಬೂದು, ಮೇಜಿನ ಬಟ್ಟೆ ಬೂದು. ಪರದೆಯೂ ಬೂದು, ಸ್ವಲ್ಪ ತಿಳಿ.

ಆ ಕೋಣೆಯಲ್ಲಿ ನೋಡುವುದೆಲ್ಲ ಬೂದು ಬಣ್ಣದ್ದೇ. ಇಂಟರ್ನೆಟ್ಟಿನಲ್ಲಿ ದ್ವೇಷ ಹಬ್ಬಿಸುವ ವಿಡಿಯೋಗಳನ್ನು ಇಳಿಸಿಕೊಂಡು, ಅವುಗಳಲ್ಲಿ ಯಾವುದು ಬರೀ ಮಾತು, ಯಾವುದು ನಾಳೆ ಬೆಂಕಿಯಾಗುತ್ತದೆ ಎಂದು ಅಳೆಯುವುದು ಈ ಸಂಶೋಧನಾ ಕೇಂದ್ರದ ಕೆಲಸ. ಹಿಂದೊಬ್ಬ ಸಂಶೋಧಕಿ ದಿನವಿಡೀ ಅವನ್ನೇ ನೋಡಿ ನೋಡಿ ಊಟ ನಿದ್ದೆ ಬಿಟ್ಟು ಹಾಸಿಗೆ ಹಿಡಿದಳಂತೆ. ಅಂದಿನಿಂದ ಪ್ರೊಫೆಸರ್ ಕಟ್ಟಪ್ಪಣೆ ಮಾಡಿದ್ದರು. ಬಣ್ಣ ತೆಗೆದು, ಚಿತ್ರ ಕುಗ್ಗಿಸಿ, ದನಿ ತಗ್ಗಿಸಿದ ಪ್ರತಿಯನ್ನಲ್ಲದೆ ಬೇರೇನನ್ನೂ ಇಲ್ಲಿ ಯಾರೂ ನೋಡಕೂಡದು. ಮೂಲ ಪ್ರತಿ ಡಿಸ್ಕಿನಲ್ಲಿ ಸೇರಿ, ಮೊಹರು ಬಿದ್ದು, ಕಬ್ಬಿಣದ ಬೀರುವಿಗೆ ಹೋಗಿಬಿಡುತ್ತಿತ್ತು.

ಪೊಲೀಸರು ನೋಡಿದ್ದೂ ಅದನ್ನೇ. ಮನೆ ಹಂಚುವ ಸರ್ಕಾರಿ ಕಚೇರಿಗೆ ಬೆಂಕಿ ಬಿದ್ದ ಮರುದಿನವೇ ವಿಡಿಯೋ ಕಂಪನಿಯವರು ಚಿಕ್ಕಪ್ಪನ ಚಾನೆಲ್ಲನ್ನು ಅಳಿಸಿಹಾಕಿದ್ದರು. ಕೈಗೆ ಸಿಕ್ಕಿದ್ದು ಕೇಂದ್ರದವರ ಬೂದು ಪ್ರತಿ. ಮಾತು ಕೇಳಿಸುತ್ತದೆ, ಕೈ ಕಾಣುತ್ತದೆ, ಇನ್ನೇನು ಬೇಕು ಎಂದು ಎಲ್ಲರೂ ಸುಮ್ಮನಾಗಿದ್ದರು. ಇನ್ಸ್‌ಪೆಕ್ಟರ್ ಕೂಡ. ಅವಳ ಮನಸ್ಸಿನಲ್ಲಿ ಆ ಪರದೆ ಇಷ್ಟು ದಿನವೂ ಒಗೆಯದ ಬಿಳಿ ಬಟ್ಟೆಯಾಗಿಯೇ ನೇತಾಡುತ್ತಿತ್ತು.

ಹಳದಿ ಎಂದು ಪ್ರೊಫೆಸರಿಗೆ ಹೇಳಿದವರು ಯಾರು?

ಅವಳು ಕೇಳಲಿಲ್ಲ. ಬೇಟೆ ನೀರಿಗೆ ಬಾಯಿ ಹಾಕಿದಾಗ ಕೆಮ್ಮಬಾರದು ಎಂದು ಕೆಲಸ ಕಲಿಸಿದ ಹಿರಿಯರು ಹೇಳುತ್ತಿದ್ದರು. ವಿಡಿಯೋ ಮುಂದುವರಿಯಲಿ ಎಂದು ಸನ್ನೆ ಮಾಡಿದಳು.

ಚಿಕ್ಕಪ್ಪ ಎರಡೂ ಅಂಗೈಗಳನ್ನು ಮೇಜಿನ ನಡುವೆ ಇಟ್ಟು ಬಟ್ಟೆಯ ಸುಕ್ಕನ್ನು ಅಂಚಿನವರೆಗೆ ಸವರಿ ತಳ್ಳಿದ. ಮಾತಿಗೆ ಮೊದಲು ಅದೊಂದು ಅವನ ಅಭ್ಯಾಸ. ಆಮೇಲೆ ಯಂತ್ರದಲ್ಲಿ ಹಾಯಿಸಿ ಗೊಗ್ಗರು ಮಾಡಿದ ದನಿ ಬಂತು.

"ಮಕ್ಕಳೇ, ಊಟ ಆಯ್ತಾ? ಮೊದಲು ಊಟ ಮಾಡಿ. ಹಸಿದ ಹೊಟ್ಟೇಲಿ ಯಾವ ತೀರ್ಮಾನಾನೂ ಬೇಡ."

ಅವನು ಕೂಗಾಡುತ್ತಿರಲಿಲ್ಲ. ಬಯ್ಯುತ್ತಿರಲಿಲ್ಲ. ಊಟ ವಿಚಾರಿಸಿದ ದನಿಯಲ್ಲೇ, ಹೊರಗಿನಿಂದ ಬಂದವರಿಗೆ ಸರ್ಕಾರ ಮನೆ ಹಂಚುತ್ತಿರುವುದನ್ನು ಹೇಳುತ್ತಿದ್ದ. ನಿಮ್ಮ ಪಾಲಿನ ಸೂರು ಇನ್ನೊಬ್ಬರ ತಲೆಯ ಮೇಲಿದೆ ಎನ್ನುತ್ತಿದ್ದ. ಕೊನೆಯ ಸಲ, ಆ ಮನೆ ಹಂಚುವ ಕಚೇರಿ ನಿಂತಿರುವವರೆಗೂ ನಿಮಗೆ ಮನೆಯಿಲ್ಲ ಎಂದಿದ್ದ. ಕೇಳಿದ ಮಕ್ಕಳಲ್ಲಿ ಕೆಲವರು ಹೋಗಿ ಕಚೇರಿಗೆ ಬೆಂಕಿಯಿಟ್ಟರು. ಒಳಗೆ ಮಲಗಿದ್ದ ಕಾವಲುಗಾರ ಇನ್ನೂ ಆಸ್ಪತ್ರೆಯಲ್ಲಿದ್ದ. ಅವನ ಹೆಂಡತಿ ಚಮಚದಲ್ಲಿ ಗಂಜಿ ಕುಡಿಸುವುದನ್ನು ಇನ್ಸ್‌ಪೆಕ್ಟರ್ ಕಣ್ಣಾರೆ ನೋಡಿ ಬಂದಿದ್ದಳು.

ಹಚ್ಚಿದವರು ಸಿಕ್ಕಿದ್ದರು. ಹಚ್ಚಿಸಿದವನೂ ಸಿಕ್ಕಿದ್ದಾನೆ ಎನ್ನುತ್ತಿದ್ದರು ಸಾಹೇಬರು.

ಸಿಕ್ಕಿದವನು ಇದೇ ಕೇಂದ್ರದ ಸಹಾಯಕ. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದದ್ದರಿಂದ ಇಲ್ಲಿ ಅವನ ಹೆಸರೇ ಕನ್ನಡಕ. ಯಾರೋ ಹೆಸರು ಹೇಳದೆ ಠಾಣೆಗೆ ಫೋನ್ ಮಾಡಿ, ಅವನ ಮನೆ ನೋಡಿ ಎಂದಿದ್ದರು. ನೋಡಿದರೆ ಚಿಕ್ಕಪ್ಪನ ವಿಡಿಯೋಗಳೆಲ್ಲ ಅವನ ಕಂಪ್ಯೂಟರಿನಲ್ಲಿ. ಕೇಂದ್ರದಿಂದ ಹೊರಗೆ ಒಯ್ಯಬಾರದ ಪ್ರತಿಗಳು. ಹಿಡಿದ ದಿನದಿಂದ ಅವನು ಬಾಯಿ ಬಿಟ್ಟಿರಲಿಲ್ಲ. ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ನೆಲ ನೋಡುತ್ತ ಕೂತಿದ್ದ.

ಸಂಜೆಯೊಳಗೆ ಕಠಿಣ ಕಾಯ್ದೆಯಡಿ ಕೇಸು ಹಾಕಿ ಎಂದು ಬೆಳಗ್ಗೆಯೇ ಸಾಹೇಬರ ಆಜ್ಞೆಯಾಗಿತ್ತು. ಆ ಕಾಯ್ದೆಯಡಿ ಒಳಗೆ ಹೋದವನಿಗೆ ಜಾಮೀನು ಗಗನಕುಸುಮ. ವಿಚಾರಣೆ ಮುಗಿಯುವಷ್ಟರಲ್ಲಿ ತಲೆಗೂದಲು ನೆರೆತಿರುತ್ತದೆ.

ಇನ್ಸ್‌ಪೆಕ್ಟರಿಗೆ ಅವನು ಚಿಕ್ಕಪ್ಪ ಅಲ್ಲ ಅನ್ನಿಸುತ್ತಿತ್ತು. ಅನ್ನಿಸುವುದನ್ನು ಕೋರ್ಟು ಕೇಳುವುದಿಲ್ಲ.

ಅವಳು ಎದ್ದಳು. ಟೀ ಕುಡಿದು ಬರುತ್ತೇನೆ ಎಂದು ಪ್ರೊಫೆಸರಿಗೆ ಹೇಳಿ ಹೊರಬಿದ್ದಳು.

ಪಡಸಾಲೆಯ ಬೆಂಚಿನ ಮೇಲೆ ಕನ್ನಡಕನ ಅಕ್ಕ ಕೂತಿದ್ದಳು. ಅಪ್ಪ ಅಮ್ಮ ಹೋದ ಮೇಲೆ ಹೊಲಿಗೆ ಯಂತ್ರ ತುಳಿದು ತಮ್ಮನನ್ನು ಓದಿಸಿದವಳು. ಮನೆಯಲ್ಲಿ ಅವರಿಬ್ಬರೇ. ತಮ್ಮನನ್ನು ಠಾಣೆಯಲ್ಲಿಟ್ಟಾಗ ಠಾಣೆಗೆ, ಇವತ್ತು ಕೇಂದ್ರದ ಕಂಪ್ಯೂಟರಿನಲ್ಲಿ ಅವನ ಖಾತೆ ತೆರೆಸಲು ಇಲ್ಲಿಗೆ ಕರೆತಂದರೆ ಇಲ್ಲಿಗೆ, ಊಟದ ಚೀಲ ಹಿಡಿದು ನೆರಳಿನಂತೆ ಬರುತ್ತಿದ್ದಳು.

ಎದುರಿನ ಗಾಜಿನ ಬಾಗಿಲಿನ ಕೋಣೆಯಲ್ಲಿ ಕನ್ನಡಕ ಇದ್ದ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ದಫೇದಾರ.

"ಊಟ ಕೊಡಬಹುದಾ ಮೇಡಂ?" ಅಕ್ಕ ಕೇಳಿದಳು. ಅವಳ ದನಿ ಪಕ್ಕದವರಿಗೆ ಮಾತ್ರ ಕೇಳುವಷ್ಟು.

ಇನ್ನೊಂದು ಠಾಣೆಯಲ್ಲಿ ಅನ್ನದೊಳಗೆ ಬ್ಲೇಡು ಹೋಗಿ ದೊಡ್ಡ ರಂಪವಾಗಿತ್ತು. ಇನ್ನುಮುಂದೆ ಆರೋಪಿಯ ಊಟವನ್ನು ಅಧಿಕಾರಿಯೇ ಬಿಚ್ಚಿ ನೋಡಬೇಕು, ಕೆಳಗಿನವರಿಗೆ ಬಿಡಕೂಡದು ಎಂದು ನಿನ್ನೆ ಸುತ್ತೋಲೆ ಬಂದಿತ್ತು. ಅದುವರೆಗೆ ಆ ಕೆಲಸ ದಫೇದಾರನದೇ.

"ನಿನ್ನೆವರೆಗೂ ನಾನೇ ಒಂದೊಂದು ತುತ್ತು ರುಚಿ ನೋಡಿ ಕಳಿಸ್ತಿದ್ದೆ," ಎಂದ ದಫೇದಾರ. "ಎಂಥ ಕೈರುಚಿ ಅಂತೀರಿ. ನಮ್ಮ ಮನೆಯವಳಿಗೆ ಮಾತ್ರ ಹೇಳಬೇಡಿ ಮೇಡಂ, ಆಮೇಲೆ ನನಗೂ ಲಾಕಪ್ಪೇ ಗತಿ."

"ಬಂದು ನೋಡ್ತೀನಿ. ಸ್ವಲ್ಪ ತಡೀರಿ," ಎಂದಳು ಇನ್ಸ್‌ಪೆಕ್ಟರ್.

ಅಕ್ಕ ಸರಿ ಎಂಬಂತೆ ತಲೆಯಾಡಿಸಿ, ಮಡಿಲಲ್ಲಿದ್ದ ಚೀಲದ ಸುಕ್ಕು ಸವರಿದಳು. ಆಮೇಲೆ ಇನ್ಸ್‌ಪೆಕ್ಟರಿನ ಮುಖ ನೋಡಿ, "ಕಣ್ಣು ಕೆಂಪಾಗಿದೆ ನಿಮಗೆ. ನನ್ನ ತಮ್ಮನೂ ಹೀಗೇ ಬರ್ತಿದ್ದ. ಅಲ್ಲಿ ಬಣ್ಣಾನೇ ಇರಲ್ಲ ಅಕ್ಕಾ, ಬೂದಿ ನೋಡಿ ನೋಡಿ ಕಣ್ಣು ಸೋಲುತ್ತೆ ಅಂತಿದ್ದ," ಎಂದಳು.

ಇನ್ಸ್‌ಪೆಕ್ಟರಿಗೆ ಯಾರಾದರೂ ತನ್ನ ಕಣ್ಣಿನ ಬಗ್ಗೆ ವಿಚಾರಿಸಿ ಬಹಳ ಕಾಲವಾಗಿತ್ತು. ಅವಳು ಮೆಟ್ಟಿಲಿಳಿದಳು.

ಇಳಿಯುವಾಗ ಫೋನ್ ಬಂತು. ಅಮ್ಮ. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳಿಗೆ ಲೋಕವೆಲ್ಲ ಹೊಸದಾಗಿತ್ತು. ಕಂಡದ್ದನ್ನೆಲ್ಲ ಮಗಳಿಗೆ ಹೇಳಬೇಕು. ಅಡುಗೆಮನೆಯ ಗೋಡೆ ತಿಳಿ ಹಸಿರು ಅಂದುಕೊಂಡಿದ್ದೆ, ಅದು ಜಿಡ್ಡಂತೆ. ನಿನ್ನ ದಿಂಬಿನ ಚೀಲ ನೋಡಿದರೆ ವಾಕರಿಕೆ ಬರುತ್ತದಂತೆ. ಇಷ್ಟು ದಿನ ಕಣ್ಣು ಕಾಣದೆ ಇದ್ದದ್ದೇ ಸುಖವಾಗಿತ್ತಂತೆ. ಇನ್ಸ್‌ಪೆಕ್ಟರ್ ಹೂಂಗುಟ್ಟುತ್ತ ಕೆಳಗಿನ ಕೋಣೆಯ ಬಾಗಿಲು ತಟ್ಟಿದಳು.

ಅದು ಜರಡಿಯ ಕೋಣೆ. ಕೇಂದ್ರಕ್ಕೆ ಬರುವ ಪ್ರತಿ ವಿಡಿಯೋವನ್ನೂ ಸೋಸಿ ಬಣ್ಣ, ದನಿ ತೆಗೆಯುವವಳಾದ್ದರಿಂದ ಆ ತಂತ್ರಜ್ಞೆಗೆ ಆ ಹೆಸರು. ಕಿವಿಗೆ ಹಾಡು ಸಿಕ್ಕಿಸಿಕೊಂಡು, ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಿದ್ದಳು.

"ಚಿಕ್ಕಪ್ಪನ ಹಿಂದೆ ಪರದೆ ಇದೆಯಲ್ಲ, ಯಾವ ಬಣ್ಣ ಅದು?"

ಜರಡಿ ಯೋಚಿಸಿದಳು. "ಗೊತ್ತಿಲ್ಲ ಮೇಡಂ."

"ಬಣ್ಣ ತೆಗೆಯೋಳು ನೀನೇ ಅಲ್ವಾ?"

ತೆಗೆಯುವುದು ಯಂತ್ರ ಎಂದಳು ಅವಳು. ಯಂತ್ರಕ್ಕೆ ಹಾಕಿ, ಕುರ್ಚಿಯನ್ನು ಗೋಡೆ ಕಡೆ ತಿರುಗಿಸಿ, ಮುಗಿಯುವವರೆಗೆ ಹಾಡು ಕೇಳುತ್ತಾಳಂತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದೆರಡು ನೋಡಿದ್ದಳು. "ಬೂದು ಬಣ್ಣದಲ್ಲಿ ರಕ್ತಾನೂ ಚೆಲ್ಲಿದ ಎಣ್ಣೆ ಥರಾನೇ ಕಾಣುತ್ತೆ ಮೇಡಂ. ಕೆಂಪಗೆ ಕಂಡರೆ ಮಾತ್ರ ಮನೆವರೆಗೂ ಹಿಂದೆ ಬರುತ್ತೆ."

ಪ್ರೊಫೆಸರ್ ಎಂದಾದರೂ ಮೂಲ ಪ್ರತಿ ನೋಡಿದ್ದಾರಾ ಎಂದು ಕೇಳಿದ್ದಕ್ಕೆ ಜರಡಿಗೆ ನಗು ಬಂತು. ಸರ್ ಈ ಕೋಣೆಯ ಹೊಸಿಲು ದಾಟಿದವರಲ್ಲ. ಒಳಗೆ ಸಿಡುಬು ಇದೆಯೇನೋ ಅನ್ನುವ ಹಾಗೆ ಹೊರಗೇ ನಿಂತು ಮಾತಾಡಿ ಹೋಗುತ್ತಾರೆ. ಇಷ್ಟು ವರ್ಷದಲ್ಲಿ ಒಂದನ್ನೂ ಬಣ್ಣದಲ್ಲಿ ನೋಡಿಲ್ಲ ಎಂದು ಭಾಷಣದಲ್ಲೆಲ್ಲ ಹೇಳಿಕೊಳ್ಳುತ್ತಾರೆ.

"ಚಾನೆಲ್ ಇದ್ದಾಗ ಫೋನಲ್ಲಿ ನೋಡಿರಬಹುದು."

"ಅವರ ಫೋನ್ ನೋಡಿದ್ದೀರಾ? ಗುಂಡಿ ಒತ್ತೋದು. ಸಾಬೂನು ಡಬ್ಬಿ ಥರ ಇದೆ. ಮನೆಗೆ ಇಂಟರ್ನೆಟ್ಟನ್ನೇ ಹಾಕಿಸಿಲ್ಲ ಅವರು. ಈ ಕಸ ಮನೆಗೆ ಬೇಡ ಅಂತ."

ಇನ್ಸ್‌ಪೆಕ್ಟರ್ ಬೀರು ತೆಗೆಸಿದಳು. ಡಿಸ್ಕಿನ ಮೇಲಿನ ಮೊಹರು ಹಾಗೇ ಇತ್ತು. ಕಾಗದದ ಅಂಚು ಸಹ ಎದ್ದಿರಲಿಲ್ಲ. ತಾನೇ ಸಹಿ ಮಾಡಿ, ತಾನೇ ಅದನ್ನು ಒಡೆದಳು.

ಯಂತ್ರ ಗುಂಯ್‌ಗುಟ್ಟಿತು. ತೆರೆಯ ಮೇಲೆ ಮೊದಲು ಗವಸು ಬಂತು, ಕಂದು. ಮೇಜಿನ ಬಟ್ಟೆ ನೀಲಿ. ಆಮೇಲೆ ಚಿಕ್ಕಪ್ಪ ಹಿಂದಕ್ಕೆ ಸರಿದು ಕೂತಾಗ ಅವನ ಬೆನ್ನ ಹಿಂದೆ ಮಾಗಿದ ನಿಂಬೆಹಣ್ಣಿನ ಹಳದಿ ತುಂಬಿಕೊಂಡಿತು.

ಪರದೆಯ ಕೆಳಗಿನ ಮೂಲೆಯಲ್ಲಿ ಕಂದು ದಾರದ ರಫು ಇತ್ತು. ಹರಿದದ್ದನ್ನೋ ಸುಟ್ಟದ್ದನ್ನೋ ಕೂಡಿಸಿದ ಹೊಲಿಗೆ. ಮೂರು ಎಳೆ ಮುಂದಕ್ಕೆ, ಒಂದು ಎಳೆ ಹಿಂದಕ್ಕೆ, ಕಾಗೆ ಕಾಲಿಟ್ಟ ಹಾಗೆ. ಬೂದು ಪ್ರತಿಯಲ್ಲಿ ಅದನ್ನು ನೆರಳೆಂದುಕೊಂಡು ದಾಟಿ ಹೋಗಿದ್ದಳು.

ಜರಡಿ ಮುಚ್ಚಳ ಕಚ್ಚುವುದನ್ನು ಮರೆತಿದ್ದಳು. "ಇವನು ಎಲ್ಲೋ ಕತ್ತಲ ಗುಹೇಲಿ ಕೂತು ಮಾತಾಡ್ತಾನೆ ಅಂದುಕೊಂಡಿದ್ದೆ," ಎಂದಳು. "ಇದು ಯಾರದೋ ಮನೆ ಥರಾನೇ ಇದೆ."

ಪ್ರೊಫೆಸರ್ ತಮ್ಮ ಕೋಣೆಗೆ ವಾಪಸಾಗಿದ್ದರು. ಗೋಡೆ ತುಂಬ ಪುಸ್ತಕ. ಕಿಟಕಿಯಲ್ಲಿ ನೀರು ಕಾಣದ ಗಿಡದ ಕುಂಡ. ಇನ್ಸ್‌ಪೆಕ್ಟರ್ ಬಾಗಿಲು ಹಾಕಿಕೊಂಡು, ಕೂರಲು ಹೇಳುವ ಮೊದಲೇ ಕೂತಳು.

"ಪರದೆ ಹಳದಿ ಅಂತ ನಿಮಗೆ ಹೇಗೆ ಗೊತ್ತಾಯ್ತು ಸರ್?"

"ಯಾವ ಪರದೆ?"

"ಬೂದು ಪರದೆ."

ಅವರು ಮೇಜಿನ ಮೇಲಿದ್ದ ಪೆನ್ನುಗಳನ್ನು ಒಂದರ ಪಕ್ಕ ಒಂದು ಜೋಡಿಸತೊಡಗಿದರು. ಯಾರೋ ಹೇಳಿರಬೇಕು ಎಂದರು. ಯಾರು ಎಂದಳು. ಜರಡಿ ಇರಬೇಕು ಎಂದರು. ಜರಡಿಗೇ ಗೊತ್ತಿರಲಿಲ್ಲ, ಮೊಹರು ಈಗಷ್ಟೇ ಒಡೆದು ನೋಡಿ ಬಂದೆ ಎಂದಳು. ಅಲ್ಲಿಗೆ ಪೆನ್ನುಗಳು ಮುಗಿದವು.

"ಮೂಲೇಲಿ ರಫು ಇದೆ," ಎಂದಳು ಇನ್ಸ್‌ಪೆಕ್ಟರ್. "ಕಾಗೆ ಕಾಲು. ನಿಮಗೆ ಅದೂ ಗೊತ್ತು ಅಂತ ಕಾಣುತ್ತೆ."

ಪ್ರೊಫೆಸರ್ ಕಿಟಕಿ ಕಡೆ ನೋಡಿದರು. ಆಮೇಲೆ, ಪರೀಕ್ಷೆಯಲ್ಲಿ ಕೊನೆಯ ಪ್ರಶ್ನೆಗೆ ಬಂದವರ ಹಾಗೆ ಉಸಿರುಬಿಟ್ಟರು.

"ಅದು ನಮ್ಮ ಮನೆಯದೇ ಪರದೆ."

ಹೆಂಡತಿ ಇಸ್ತ್ರಿ ಮಾಡುವಾಗ ಫೋನ್ ಬಂದು, ಪೆಟ್ಟಿಗೆಯನ್ನು ಮೂಲೆಯ ಮೇಲೇ ಬಿಟ್ಟು ಸುಟ್ಟದ್ದಂತೆ. ಮನೆಗೆ ಹೊಲಿಗೆಗೆ ಬರುತ್ತಿದ್ದವಳು ರಫು ಮಾಡಿಕೊಟ್ಟಳು. ಹಳದಿ ದಾರ ಇರಲಿಲ್ಲ, ಕಂದು ದಾರದಲ್ಲೇ ಮುಗಿಸಿದಳು. ಆಮೇಲೆ ಹೊಸ ಪರದೆ ಹಾಕಿಸಿದಾಗ ಹಳೆಯದನ್ನು ಅವಳಿಗೇ ಕೊಟ್ಟುಬಿಟ್ಟರು. ನನ್ನ ತಮ್ಮನಿಗೊಂದು ಕೆಲಸ ನೋಡಿ ಎಂದು ಅವಳು ಕೇಳಿದ್ದೂ ಅದೇ ದಿನ.

"ತಮ್ಮ ಅಂದ್ರೆ ಕನ್ನಡಕ."

"ಹೌದು."

"ಮೊದಲ ವಿಡಿಯೋದಲ್ಲೇ ಗುರುತು ಹಿಡಿದ್ರಾ?"

"ಬಣ್ಣ ಇಲ್ಲದಿದ್ರೂ ಆ ರಫು ನನಗೆ ಗೊತ್ತಾಗುತ್ತೆ ಮೇಡಂ. ಅದರ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ವರ್ಷಾನುಗಟ್ಟಲೆ ಓದಿದ್ದೀನಿ."

ಇನ್ಸ್‌ಪೆಕ್ಟರಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಆಕಳಿಕೆ, ಅದನ್ನು ನುಂಗಿದಳು.

"ಬೆಂಕಿ ಬೀಳೋಕೆ ಮುಂಚೆಯೇ ಗೊತ್ತಿತ್ತು ಹಾಗಾದ್ರೆ."

"ಯಾರು ಅಂತ ಗೊತ್ತಿತ್ತು. ಬೆಂಕಿ ಬೀಳುತ್ತೆ ಅಂತ ಗೊತ್ತಿರಲಿಲ್ಲ."

"ಒಂದು ಮಾತು ಹೇಳಬಹುದಿತ್ತು."

"ನಾವು ನೋಡೋರು ಮೇಡಂ. ಕೈಹಾಕೋರಲ್ಲ. ಕೈಹಾಕಿದ ಕೂಡಲೇ ನೋಡ್ತಿರೋದೇ ಬದಲಾಗಿಬಿಡುತ್ತೆ." ಅವರ ದನಿ ತರಗತಿಯ ದನಿಯಾಯಿತು, ಮರುಗಳಿಗೆ ಕುಸಿಯಿತು. "ಇಂಥ ಮಾತಾಡೋರಲ್ಲಿ ಮಾಡಿ ತೋರಿಸೋರು ತೀರ ಕಮ್ಮಿ. ನನ್ನ ಪುಸ್ತಕ ಪೂರ್ತಿ ಅದರ ಮೇಲೇ ಇದೆ. ಬೊಗಳುವ ನಾಯಿ ಕಚ್ಚಲ್ಲ ಅಂತ."

"ನಾಯಿಗೆ ಪುಸ್ತಕ ಓದೋಕೆ ಬರಲ್ಲವಲ್ಲ ಸರ್."

ಅವರು ಉಳಿದದ್ದನ್ನೂ ಹೇಳಿದರು.

ಕನ್ನಡಕನನ್ನು ಅವರು ಕೆಲಸದಿಂದ ತೆಗೆಯಲಿಲ್ಲ. ಬದಲಿಗೆ ಚಿಕ್ಕಪ್ಪನ ವಿಡಿಯೋಗಳನ್ನು ಬೇಕೆಂದೇ ಅವನ ಮೇಜಿಗೆ ಹಾಕಿಸಿದರು. ಇಲ್ಲಿನ ಪದ್ಧತಿಯಂತೆ ಒಂದೊಂದು ವಿಡಿಯೋವನ್ನೂ ಇಬ್ಬರು ಬೇರೆ ಬೇರೆ ಕೂತು ನೋಡಿ, ಎಷ್ಟು ಅಪಾಯಕಾರಿ ಎಂದು ಅಂಕ ಕೊಡುತ್ತಾರೆ. ಇಬ್ಬರ ಅಂಕ ಹೊಂದದಿದ್ದರೆ ಪ್ರೊಫೆಸರ್ ತೀರ್ಮಾನಿಸುತ್ತಾರೆ. ತನ್ನ ಮಾತಿಗೆ ತಾನೇ ಎಷ್ಟು ಅಂಕ ಹಾಕಿಕೊಳ್ಳುತ್ತಾನೆ, ನೋಡೋಣ ಎಂದು ಅವರಿಗೆ ಕುತೂಹಲ. ಹೊಸ ಪುಸ್ತಕಕ್ಕೆ ಅಂಥದೊಂದು ಅಧ್ಯಾಯ ಯಾರ ಬಳಿಯೂ ಇರುವುದಿಲ್ಲ.

"ಎಷ್ಟು ಹಾಕಿದ?"

"ಪ್ರತಿ ಸಲವೂ ಅತಿ ಹೆಚ್ಚು," ಎಂದರು ಪ್ರೊಫೆಸರ್. "ಇನ್ನೊಬ್ಬರು ಕಮ್ಮಿ ಹಾಕ್ತಿದ್ರು. ಇವನು ನನ್ನ ಹತ್ರ ಬಂದು, ಸರ್ ಇದು ಬರೀ ಮಾತಲ್ಲ, ಪೊಲೀಸಿಗೆ ತಿಳಿಸಿ ಅಂದ."

"ನೀವು?"

"ಕಮ್ಮಿ ಅಂಕಾನೇ ಖಾಯಂ ಮಾಡಿದೆ. ಜಂಭ ಅಂದುಕೊಂಡೆ. ತನ್ನನ್ನ ತಾನು ದೊಡ್ಡವನು ಮಾಡಿಕೊಳ್ತಿದ್ದಾನೆ ಅಂತ."

"ಕಳ್ಳ ತನ್ನ ಮೇಲೆ ತಾನೇ ದೂರು ಕೊಡೋದನ್ನ ನಾನಂತೂ ಇಷ್ಟು ವರ್ಷದ ಕೆಲಸದಲ್ಲಿ ನೋಡಿಲ್ಲ."

ಕೆಳಗೆಲ್ಲೋ ಬಾಗಿಲು ಬಡಿದುಕೊಂಡಿತು. ಠಾಣೆಗೆ ಫೋನ್ ಮಾಡಿದವರೂ ನೀವೇ ತಾನೆ ಎಂದು ಇನ್ಸ್‌ಪೆಕ್ಟರ್ ಕೇಳಿದಳು. ಅವರು ಹೌದೆಂದು ತಲೆಯಾಡಿಸಿದರು. ಕಾವಲುಗಾರನ ಫೋಟೋ ಪೇಪರಿನಲ್ಲಿ ನೋಡಿದ ಮೇಲೆ ತಡೆಯಲಾಗಲಿಲ್ಲವಂತೆ. ಪರದೆಯ ಮಾತು ಎತ್ತಿದ್ದರೆ ಯಾವಾಗಿನಿಂದ ಗೊತ್ತು ಎಂದು ಕೇಳುತ್ತಿದ್ದಿರಿ. ಅದಕ್ಕೇ ಹೆಸರನ್ನಷ್ಟೇ ಹೇಳಿ ಇಟ್ಟುಬಿಟ್ಟೆ ಎಂದರು.

"ಈಗಲಾದ್ರೂ ಹೇಳಿದೆನಲ್ಲ," ಎಂದರು. "ಪರದೆ ಅವರ ಮನೆಯದು. ನಿಮ್ಮ ಕೇಸು ಗಟ್ಟಿಯಾಯ್ತು."

"ಗಟ್ಟಿಯಾಗಿದ್ದು ಯಾರ ಮೇಲೆ ಸರ್?"

ಅವರಿಗೆ ಅರ್ಥವಾಗಲಿಲ್ಲ.

ಇನ್ಸ್‌ಪೆಕ್ಟರ್ ನಿಧಾನವಾಗಿ ಹೇಳಿದಳು. ಚಿಕ್ಕಪ್ಪನ ಕೊನೆಯ ಮಾತು ಮೊದಲೇ ಮಾಡಿಟ್ಟು ಹಾಕಿದ್ದಲ್ಲ, ನೇರಪ್ರಸಾರ. ನಡುವೆ ಯಾರೋ ಪ್ರಶ್ನೆ ಬರೆದು ಕಳಿಸಿದ್ದಾರೆ, ಅವನು ಅದನ್ನು ಓದಿ ಅಲ್ಲೇ ಉತ್ತರಿಸಿದ್ದಾನೆ. ಪ್ರಶ್ನೆ ಕಳಿಸಿದವನು ಬೆಂಕಿ ಕೇಸಿನಲ್ಲಿ ಒಳಗಿದ್ದಾನೆ. ಅದು ಯಾವ ದಿನ, ಯಾವ ಹೊತ್ತು ಎಂದು ನಿನ್ನೆಯಷ್ಟೇ ಅವನ ಫೋನಿನಿಂದ ತಿಳಿಯಿತು. ಆ ಹೊತ್ತಿನಲ್ಲಿ ಕನ್ನಡಕ ಕೆಳಗೆ ಜರಡಿಯ ಪಕ್ಕದಲ್ಲಿ ಕೂತು, ಕೆಟ್ಟ ಯಂತ್ರದ ತಿರುಪು ಬಿಚ್ಚುತ್ತಿದ್ದ. ಅದನ್ನು ಜರಡಿ ಈಗಷ್ಟೇ ಹೇಳಿದಳು, ಬಾಗಿಲ ಕ್ಯಾಮರಾದಲ್ಲೂ ಅವನು ಹೊರಗೆ ಹೋದದ್ದಿಲ್ಲ, ನೋಡಿ ಬಂದೆ.

"ಒಂದೇ ಹೊತ್ತಿಗೆ ಎರಡು ಕಡೆ ಕೂರೋಕೆ ಅವನೇನು ದೆವ್ವವಾ?"

ಪ್ರೊಫೆಸರ್ ಲೆಕ್ಕ ತಪ್ಪಿದ ಹುಡುಗನ ಹಾಗೆ ನೋಡಿದರು. "ಹಾಗಾದ್ರೆ ಆ ಮನೇಲಿ..." ಎಂದು ಶುರುಮಾಡಿ ಅಲ್ಲಿಗೇ ನಿಲ್ಲಿಸಿದರು. ಅವರ ಕಣ್ಣು ಮುಚ್ಚಿದ ಬಾಗಿಲ ಕಡೆ ಹೋಯಿತು. ಬಾಗಿಲಾಚೆ ಪಡಸಾಲೆ, ಪಡಸಾಲೆಯಲ್ಲಿ ಬೆಂಚು.

"ಇಲ್ಲ," ಎಂದರು. "ನಮ್ಮ ಮನೆಯವಳ ಬಟ್ಟೆಯೆಲ್ಲ ಅವಳೇ ಹೊಲಿಯೋದು. ಬಂದಾಗಲೆಲ್ಲ, ಸರ್ ಊಟ ಆಯ್ತಾ ಅಂತ ಕೇಳ್ತಾಳೆ."

ಇನ್ಸ್‌ಪೆಕ್ಟರ್ ಎದ್ದಳು. ಈ ಕೋಣೆ ಬಿಟ್ಟು ಕದಲಬೇಡಿ ಎಂದಷ್ಟೇ ಹೇಳಿದಳು.

ಹೊರಬಂದರೂ ಅವಳಿಗೆ ಬೇರೆ ದಾರಿಗಳು ಕಾಣುತ್ತಿದ್ದವು. ಬೇಕೆಂದೇ ಹುಡುಕುತ್ತಿದ್ದಳು. ಪರದೆಯನ್ನು ಅಕ್ಕ ಯಾರಿಗಾದರೂ ಮಾರಿರಬಹುದು, ಕೊಟ್ಟಿರಬಹುದು. ಆ ಮನೆಯನ್ನು ಇನ್ಸ್‌ಪೆಕ್ಟರ್ ತಾನೇ ನಿಂತು ಜಾಲಾಡಿಸಿದ್ದಳು. ಕಿಟಕಿಗೆ ಹೂವಿನ ಪರದೆ ಇತ್ತು. ಹೊಲಿಗೆ ಯಂತ್ರದ ಕೆಳಗಿನ ಚಿಂದಿ ಗಂಟನ್ನೂ ಬಿಚ್ಚಿಸಿದ್ದಳು. ನಿಂಬೆ ಹಳದಿಯ ಚೂರೊಂದು ಅಲ್ಲಿದ್ದ ನೆನಪಿಲ್ಲ. ಹುಡುಕಿದ್ದು ಬಣ್ಣವನ್ನಲ್ಲ ಎಂಬುದೂ ನಿಜ.

ಕನ್ನಡಕ ಪ್ರತಿಗಳನ್ನು ಮನೆಗೆ ಒಯ್ದದ್ದು ಯಾರಿಗೆ ತೋರಿಸಲು? ಹಿಡಿದ ದಿನದಿಂದ ಅವನು ಬಾಯಿ ಮುಚ್ಚಿಕೊಂಡು ಕಾಯುತ್ತಿರುವುದು ಯಾರನ್ನು?

ಜೇಬಿನಲ್ಲಿ ಫೋನ್ ಅದುರಿತು. ಸಾಹೇಬರು. ಅವಳು ಎತ್ತಲಿಲ್ಲ.

ಪಡಸಾಲೆಯಲ್ಲಿ ಬಿಸಿಲು ಬೆಂಚಿನಿಂದ ನೆಲಕ್ಕೆ ಇಳಿದಿತ್ತು. ಅಕ್ಕ ಕೂತಲ್ಲೇ ಕೂತಿದ್ದಳು. ದಫೇದಾರ ಕುರ್ಚಿಯಲ್ಲಿ ತೂಕಡಿಸುತ್ತಿದ್ದವನು ಎದ್ದು, ಊಟ ತಣ್ಣಗಾಯಿತು, ಪಾಪ, ಎರಡು ಸಲ ಕೇಳಿದರು, ನಾನು ಮುಟ್ಟೋ ಹಾಗಿಲ್ಲವಲ್ಲ ಎಂದು ವರದಿ ಒಪ್ಪಿಸಿದ.

"ಕೊಡಿ," ಎಂದಳು ಇನ್ಸ್‌ಪೆಕ್ಟರ್.

ಅಕ್ಕ ಚೀಲ ಚಾಚಿದಳು. ಕೊಡುವ ಮೊದಲು ಅಂಗೈಯನ್ನು ಚೀಲದ ನಡುವೆ ಇಟ್ಟು, ಸುಕ್ಕನ್ನು ಅಂಚಿನವರೆಗೆ ಸವರಿ ತಳ್ಳಿದಳು.

ಹೊರಗಿನಿಂದ ಹಳೆಯ ನೀಲಿ ಬಟ್ಟೆಯ ಚೀಲ. ಹೊಲಿಗೆ ಮಾತ್ರ ಅಂಗಡಿಯದಕ್ಕಿಂತ ನೇರ. ಇನ್ಸ್‌ಪೆಕ್ಟರ್ ಬೆಂಚಿನ ಮೇಲೆ ಕೂತು ಮೇಲಿನ ಡಬ್ಬಿ ತೆಗೆದಿಟ್ಟಳು. ಕೆಳಗಿನ ಡಬ್ಬಿ ತೆಗೆದಿಟ್ಟಳು. ಚಮಚ, ನೀರಿನ ಬಾಟಲಿ. ತಳದಲ್ಲಿ ಏನಾದರೂ ಉಳಿದಿದೆಯೇ ಎಂದು ಚೀಲದ ಬಾಯಿ ಅಗಲಿಸಿ ಬಗ್ಗಿ ನೋಡಿದಳು.

ಒಳಗೆಲ್ಲ ಹಳದಿ.

ಡಬ್ಬಿಯಲ್ಲಿ ಬ್ಲೇಡು ಹುಡುಕುವವನಿಗೆ ಚೀಲದ ಒಳಗಿನ ಅಸ್ತರು ಯಾವ ಬಣ್ಣವಾದರೇನು? ದಫೇದಾರ ದಿನವೂ ಇದರೊಳಗೆ ಕೈಹಾಕಿ ತಡಕಿದ್ದ. ಒಳ್ಳೆಯ ಬಟ್ಟೆ ಎಸೆಯಲು ಹೊಲಿಗೆಯವರಿಗೆ ಮನಸ್ಸು ಬರುವುದಿಲ್ಲ. ಕೇಂದ್ರದವರು ನೋಡುವುದರಲ್ಲಿ ಬಣ್ಣವೇ ಇಲ್ಲ ಎಂದು ತಮ್ಮನೇ ಅವಳಿಗೆ ಹೇಳಿದ್ದ, ಹಳದಿಯನ್ನು ಯಾರೂ ಹುಡುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅವಳು ಚೀಲವನ್ನು ಬೆಳಕಿಗೆ ಹಿಡಿದಳು. ತಳದ ಮೂಲೆಯಲ್ಲಿ ಕಂದು ದಾರ. ಕಾಗೆಯ ಕಾಲು.

ಗಾಜಿನ ಬಾಗಿಲಾಚೆ ಕುರ್ಚಿ ಸರಿದ ಸದ್ದಾಯಿತು. ಇಷ್ಟು ದಿನ ನೆಲ ಬಿಟ್ಟು ಕಣ್ಣೆತ್ತದ ಕನ್ನಡಕ ಎದ್ದು ನಿಂತಿದ್ದ. ಎರಡೂ ಅಂಗೈ ಗಾಜಿಗೆ ಒತ್ತಿ, ಇನ್ಸ್‌ಪೆಕ್ಟರ್ ಕೈಯಲ್ಲಿದ್ದ ಚೀಲವನ್ನೇ ನೋಡುತ್ತ, ಬೇಡ ಬೇಡ ಎಂದು ತಲೆಯಲ್ಲಾಡಿಸುತ್ತಿದ್ದ. ಆ ಬೇಡ ತನಗೋ ಅಕ್ಕನಿಗೋ ಇನ್ಸ್‌ಪೆಕ್ಟರಿಗೆ ಗೊತ್ತಾಗಲಿಲ್ಲ.

ಅವಳು ಅಕ್ಕನ ಕಡೆ ತಿರುಗಿದಳು. ಅಕ್ಕ ಓಡಲಿಲ್ಲ, ಅಳಲಿಲ್ಲ. ಡಬ್ಬಿಗಳನ್ನು ಒಂದರ ಮೇಲೊಂದು ಇಟ್ಟು ತಮ್ಮನ ಬಾಗಿಲ ಕಡೆ ಸರಿಸಿದಳು. ಆ ಸಣ್ಣ ದನಿಯಲ್ಲಿ ಬೇಸರವೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ.

"ಮೊದಲು ಅವನಿಗೆ ಕೊಡಿ ಮೇಡಂ. ಹಸಿದ ಹೊಟ್ಟೇಲಿ ಯಾವ ತೀರ್ಮಾನಾನೂ ಬೇಡ."